ಅಡುಗೆ ಕಟ್ಟೆಗೆ ಬಿಳಿ ಮಾರ್ಬಲ್: 12,600 ಆಗಬೇಕಿದ್ದ ಲೆಕ್ಕ 42,345 ಹೇಗಾಯ್ತು?

ಮೈಸೂರು_ಮನೆ:

ಎಲ್ಲರಿಗೂ ನಮಸ್ಕಾರ. ಬೋಗಾದಿ ಕಡೆ ನಮ್ಮ ಮನೆ ಕಟ್ಟುತ್ತಿದ್ದೇವೆ. ಗಾರೆ ಕೆಲಸ ಮುಗಿದಿದೆ. ಅಡುಗೆಮನೆಯಲ್ಲಿ ಎಲ್ ಆಕಾರದ ಕಾಂಕ್ರೀಟ್ ಕಟ್ಟೆಯೂ ಆಗಿದೆ. ಇನ್ನು ಅದರ ಮೇಲೆ ಕಲ್ಲು ಕೂರಿಸಬೇಕು.

ನನಗೆ ಬಿಳಿ ಮಾರ್ಬಲ್ ಹಾಕಿಸಬೇಕು ಅಂತ ಬಹಳ ಆಸೆ. ಶೋಕಿಗೆ ಅಲ್ಲ. ನಮ್ಮ ಅಡುಗೆಮನೆಗೆ ಇರುವುದು ಒಂದೇ ಕಿಟಕಿ, ಅದೂ ಪಕ್ಕದ ಮನೆ ಗೋಡೆಗೆ ಮುಖ ಮಾಡಿದೆ. ಈಗಿರುವ ಬಾಡಿಗೆ ಮನೆಯಲ್ಲಿ ಕಪ್ಪು ಗ್ರಾನೈಟ್ ಇದೆ. ಬೆಳಿಗ್ಗೆ ಒಂಬತ್ತು ಗಂಟೆಗೂ ಲೈಟ್ ಹಾಕಿಕೊಂಡೇ ಸೊಪ್ಪು ಬಿಡಿಸಬೇಕು. ಕಟ್ಟೆ ಮೇಲೆ ಇರುವೆ ಹರಿದರೂ ಕಾಣುವುದಿಲ್ಲ. ನಮ್ಮದೇ ಮನೆಯಲ್ಲಾದರೂ ಬೆಳಕಾಗಿರಲಿ ಅಂತ.

ಅಳತೆ ಹೇಳುತ್ತೇನೆ. ಉದ್ದದ ಕಡೆ 9 ಅಡಿ. ಮೂಲೆಯಿಂದ ತಿರುಗಿ ಇನ್ನೊಂದು ಕಡೆ 6 ಅಡಿ. ಅಗಲ ಎರಡೂ ಕಡೆ 2 ಅಡಿ. ಅಂದರೆ 18 ಮತ್ತು 12, ಒಟ್ಟು 30 ಚದರ ಅಡಿ. ಒಲೆ, ಸಿಂಕ್ ಎರಡೂ 9 ಅಡಿಯ ಕಡೆಗೇ ಬರುತ್ತವೆ. ರಿಂಗ್ ರೋಡ್ ಹತ್ತಿರದ ಒಂದು ಅಂಗಡಿಯಲ್ಲಿ ಇಟಾಲಿಯನ್ ಮಾರ್ಬಲ್ ತೋರಿಸಿದರು. ಬಿಳಿ ಮೈ, ಅಲ್ಲಲ್ಲಿ ಬೂದು ಗೆರೆ. ಚದರ ಅಡಿಗೆ 420 ರೂಪಾಯಿ. 30 ಅಡಿಗೆ 12,600. ಪರವಾಗಿಲ್ಲ, ಕೈಗೆಟುಕುತ್ತದೆ ಅಂತ ಖುಷಿಯಿಂದ ಮನೆಗೆ ಬಂದೆ.

ಮರುದಿನ ವಾಟ್ಸಾಪ್‌ನಲ್ಲಿ ಎಸ್ಟಿಮೇಟ್ ಬಂತು. ಅದರಲ್ಲಿ ಇರುವುದು ಹೀಗೆ: ಸ್ಲ್ಯಾಬ್ ಒಂದು, ಒಂಬತ್ತೂವರೆ ಅಡಿ ಉದ್ದ, ಐದೂವರೆ ಅಡಿ ಅಗಲ, ಒಟ್ಟು 52.25 ಚದರ ಅಡಿ, 420ರಂತೆ 21,945. ಜಿಎಸ್‌ಟಿ ಶೇಕಡಾ 18, ಅಂದರೆ 3,950. ಸಾಗಾಟ ಮತ್ತು ಇಳಿಸುವ ಕೂಲಿ 3,500. ಡಬಲ್ ನೋಸಿಂಗ್ (ಅಂಚು ದಪ್ಪ ಕಾಣುವ ಹಾಗೆ ಮಾಡುವುದು) 13 ರನ್ನಿಂಗ್ ಅಡಿಗೆ, ಅಂದರೆ ಅಂಚಿನ ಉದ್ದಕ್ಕೆ, 350ರಂತೆ 4,550. ಸಿಂಕ್ ಮತ್ತು ಒಲೆಗೆ ಕಟಿಂಗ್, ತಲಾ 1,200ರಂತೆ 2,400. ಕೂರಿಸುವ ಕೂಲಿ 3,600. ಪಾಲಿಶ್ ಮತ್ತು ಸೀಲರ್ (ಕರೆ ಇಳಿಯದಂತೆ ಕಲ್ಲಿಗೆ ಹಚ್ಚುವುದು) 2,400. ಒಟ್ಟು 42,345.

ನನ್ನ ಪ್ರಶ್ನೆ ಇಷ್ಟು. 30 ಅಡಿ ಬೇಕಾದವರಿಗೆ 52 ಅಡಿ ಯಾಕೆ ಹಾಕುತ್ತಾರೆ? ಇದರಲ್ಲಿ ಯಾವುದು ನ್ಯಾಯವಾದ ಖರ್ಚು, ಯಾವುದು ಸುಮ್ನೆ ಸೇರಿಸಿದ್ದು? ನಮ್ಮ ಮನೆಯವರು ಗ್ರಾನೈಟ್ ಹಾಕಿಸಿ ಮುಗಿಸೋಣ ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಇಳಕಲ್_ಗುಲಾಬಿ:

ಅಕ್ಕಾರ, ನಮ್ಮ ಊರು ಇಳಕಲ್. ಸೀರೆಗೆ ಹೆಸರಾದಷ್ಟೇ ಗ್ರಾನೈಟ್‌ಗೂ ಹೆಸರು. ಹಾಗಾಗಿ ನಾನು ಗ್ರಾನೈಟ್ ಪಕ್ಷ ಅಂತ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಲ್ಲಿ ಹಾಕಿದ ಕೆಂಪು ಕಲ್ಲು ಇನ್ನೂ ಹಾಗೇ ಇದೆ. ಅದರ ಮೇಲೆ ಶೇಂಗಾ ಕುಟ್ಟಿದ್ದಾರೆ, ಬಿಸಿ ಹಂಚು ಇಟ್ಟಿದ್ದಾರೆ, ಹುಣಸೆ ಹುಳಿ ಚೆಲ್ಲಿದ್ದಾರೆ. ಏನೂ ಆಗಿಲ್ಲ.

ಕರ್ನಾಟಕದಲ್ಲಿ ಇಷ್ಟು ಕಲ್ಲು ಇರುವಾಗ ಹಡಗಿನಲ್ಲಿ ಬಂದ ಕಲ್ಲಿಗೆ ಯಾಕೆ ದುಡ್ಡು ಕೊಡಬೇಕು? ನಿಮ್ಮ ಮೈಸೂರಿನಿಂದ ಚಾಮರಾಜನಗರ ಎಷ್ಟು ದೂರ? ಅಲ್ಲಿಯ ಕಪ್ಪು ಕಲ್ಲು ಹೊರದೇಶಗಳಿಗೆ ಹೋಗುತ್ತದೆ. ಕಪ್ಪು ಬೇಡ ಅಂದರೆ ತಿಳಿ ಬಣ್ಣದ ಗ್ರಾನೈಟ್ ನೋಡಿ.

ಕಲ್ಲುಕೆಲಸದವನು:

ಮೇಡಂ, ನಾನು ಜಿಗಣಿಯಲ್ಲಿ ಕಟಿಂಗ್ ಯೂನಿಟ್‌ನಲ್ಲಿ ಕೆಲಸ ಕಲಿತವನು. ಈಗ ಮೈಸೂರು, ಮಂಡ್ಯ ಕಡೆ ಹುಡುಗರನ್ನು ಇಟ್ಟುಕೊಂಡು ಕಲ್ಲು ಕೂರಿಸುವ ಕೆಲಸ ಮಾಡುತ್ತೇನೆ. ಎರಡೂ ಕಲ್ಲು ನನ್ನ ಕೈಯಲ್ಲಿ ಓಡಾಡಿವೆ. ಹಾಗಾಗಿ ನಿಮ್ಮ ಎಸ್ಟಿಮೇಟ್ ಒಂದೊಂದಾಗಿ ನೋಡೋಣ.

ಮೊದಲಿಗೆ, ಆ 52 ಅಡಿ ಮೋಸ ಅಲ್ಲ. ಹೊರದೇಶದ ಮಾರ್ಬಲ್ ದೊಡ್ಡ ಸ್ಲ್ಯಾಬ್ ಆಗಿಯೇ ಬರುತ್ತದೆ. ಗ್ಯಾಂಗ್‌ಸಾ ಅನ್ನುವ ಯಂತ್ರದಲ್ಲಿ ಇಡೀ ಬಂಡೆಯನ್ನು ಬ್ರೆಡ್ ಹಾಗೆ ಹೋಳು ಮಾಡಿರುತ್ತಾರೆ. ಅಂಗಡಿಯವನು ಅದರಲ್ಲಿ 30 ಅಡಿ ಕತ್ತರಿಸಿ ಕೊಟ್ಟರೆ ಉಳಿದ 22 ಅಡಿಯನ್ನು ಯಾರಿಗೆ ಮಾರಬೇಕು? ಅದಕ್ಕೇ ಇಡೀ ಸ್ಲ್ಯಾಬ್ ಬಿಲ್ ಮಾಡುತ್ತಾನೆ. ಆದ್ದರಿಂದ ಕಲ್ಲಿನ ಅಂಗಡಿಯಲ್ಲಿ 'ಅಡಿಗೆ ಎಷ್ಟು' ಅಂತ ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. 'ಸ್ಲ್ಯಾಬ್ ಸೈಜ್ ಎಷ್ಟು, ನನ್ನ ಕಟ್ಟೆ ಅದರಲ್ಲಿ ಹೇಗೆ ಕೂರುತ್ತದೆ' ಅಂತ ಕೇಳಬೇಕು. ನಿಮ್ಮ ಲೆಕ್ಕದಲ್ಲಿ ಉಪಯೋಗಕ್ಕೆ ಬರುವ ಒಂದು ಚದರ ಅಡಿಗೆ ಬೀಳುವುದು 1,411 ರೂಪಾಯಿ, 420 ಅಲ್ಲ.

ಆದರೆ ಉಳಿದ ಕಲ್ಲು ನಿಮ್ಮದು. ಇದನ್ನು ತುಂಬಾ ಜನ ಕೇಳುವುದೇ ಇಲ್ಲ. ಐದೂವರೆ ಅಡಿ ಅಗಲದಲ್ಲಿ 2 ಅಡಿಯ ಎರಡು ಪಟ್ಟಿ ಬರುತ್ತವೆ. ಒಂದು 9 ಅಡಿಗೆ, ಇನ್ನೊಂದರಲ್ಲಿ 6 ಅಡಿ ಉಪಯೋಗಿಸಿದರೆ 3 ಅಡಿ ಉದ್ದ, 2 ಅಡಿ ಅಗಲದ ತುಂಡು ಉಳಿಯುತ್ತದೆ. ಕೆಳಗೆ ಸುಮಾರು ಒಂದೂವರೆ ಅಡಿ ಅಗಲದ ಉದ್ದ ಪಟ್ಟಿಯೂ ಉಳಿಯುತ್ತದೆ. ಗೋಡೆಗೆ ಹಾಕುವ ನಾಲ್ಕು ಇಂಚಿನ ಸ್ಕರ್ಟಿಂಗ್ ಅದರಲ್ಲೇ ಆಗುತ್ತದೆ. ಡಬಲ್ ನೋಸಿಂಗ್‌ಗೆ ಅಂಚಿನ ಕೆಳಗೆ ಅಂಟಿಸುವ ಪಟ್ಟಿಯೂ ಅದರಲ್ಲೇ ಆಗುತ್ತದೆ. ಕಿಟಕಿಯ ಕೆಳಗಿನ ಕಲ್ಲೂ ಆಗಬಹುದು. ಇವಕ್ಕೆಲ್ಲ ಬೇರೆ ಕಲ್ಲು ಅಂತ ಇನ್ನೊಂದು ಬಿಲ್ ಬಂದರೆ ಒಪ್ಪಬೇಡಿ. ಕತ್ತರಿಸುವ ಮೊದಲು ಸ್ಲ್ಯಾಬ್ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಸಿ, ಫೋಟೋ ತೆಗೆದುಕೊಳ್ಳಿ.

ಇನ್ನು ಜಿಎಸ್‌ಟಿ. ಕತ್ತರಿಸಿದ ಸ್ಲ್ಯಾಬ್‌ಗೆ ಶೇಕಡಾ 18 ಇರುವುದು ಸರಿ, ಮಾರ್ಬಲ್ ಆದರೂ ಗ್ರಾನೈಟ್ ಆದರೂ. ಬಿಲ್ ಇಲ್ಲದೆ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಕಲ್ಲು ಒಡೆದು ಬಂದರೆ ಕೇಳುವುದಕ್ಕೆ ನಿಮ್ಮ ಹತ್ತಿರ ಕಾಗದವೇ ಇರುವುದಿಲ್ಲ.

ಸಾಗಾಟ 3,500 ನೋಡಿ ಜಾಸ್ತಿ ಅನ್ನಿಸಬಹುದು. 18 ಮಿಲಿಮೀಟರ್ ದಪ್ಪದ ಮಾರ್ಬಲ್ ಒಂದು ಚದರ ಅಡಿಗೆ ಸುಮಾರು ನಾಲ್ಕೂವರೆ ಕಿಲೋ ತೂಗುತ್ತದೆ. ನಿಮ್ಮ ಸ್ಲ್ಯಾಬ್ 235 ಕಿಲೋ. ಅದನ್ನು ಮಲಗಿಸಿ ತರುವ ಹಾಗಿಲ್ಲ, ನಿಲ್ಲಿಸಿಯೇ ತರಬೇಕು. ಮಲಗಿಸಿದರೆ ಟೆಂಪೋ ಒಂದು ಹಂಪ್ ಹಾರಿದರೆ ಸಾಕು, ಗೆರೆ ಇರುವ ಕಡೆಯೇ ಬಿರುಕು ಬಿಡುತ್ತದೆ. ಇಳಿಸುವುದಕ್ಕೆ ನಾಲ್ಕೈದು ಜನ ಬೇಕು. ಆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಕಲ್ಲು ಬಿದ್ದು ಕಾಲು ಕಳೆದುಕೊಂಡ ಹುಡುಗರನ್ನು ನಾನು ನೋಡಿದ್ದೇನೆ. ಬೇಕಾದರೆ ಅಂಗಡಿಯಲ್ಲೇ ಕಟ್ಟೆ ಅಳತೆಗೆ ಕತ್ತರಿಸಿ ತರಿಸಿ. ತೂಕವೂ ಕಡಿಮೆ, ಸಾಗಾಟವೂ ಕಡಿಮೆ.

ಡಬಲ್ ನೋಸಿಂಗ್ ಬರೀ ನೋಟಕ್ಕೆ. ಅಂಚಿಗೆ ಇನ್ನೊಂದು ಪಟ್ಟಿ ಅಂಟಿಸಿ ಕಲ್ಲು ದಪ್ಪ ಇದೆ ಅಂತ ಕಾಣಿಸುತ್ತಾರೆ. ಗಟ್ಟಿ ಏನೂ ಹೆಚ್ಚುವುದಿಲ್ಲ. ಪಟ್ಟಿ ಅಂಟಿಸದೆ ಅಂಚನ್ನು ದುಂಡಗೆ ಉಜ್ಜುವ ಸಿಂಗಲ್ ಹಾಫ್ ರೌಂಡ್ ಮಾಡಿಸಿದರೆ ಆ 4,550ರಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಕಟಿಂಗ್ ಚಾರ್ಜ್ ನನ್ನ ದೃಷ್ಟಿಯಲ್ಲಿ ಸ್ವಲ್ಪ ಜಾಸ್ತಿ, ಆದರೆ ಬಿಳಿ ಮಾರ್ಬಲ್‌ನಲ್ಲಿ ಸಿಂಕ್ ತೂತು ಮಾಡುವಾಗ ಮೂಲೆ ಸೀಳುವ ಭಯ ಇರುತ್ತದೆ. ಆ ರಿಸ್ಕ್‌ಗೂ ದುಡ್ಡು ಸೇರಿಸಿರುತ್ತಾರೆ. ತೂತು ಮಾಡುವಾಗ ಒಡೆದರೆ ಹೊಸ ಕಲ್ಲು ಯಾರದು ಅಂತ ಎಸ್ಟಿಮೇಟ್ ಮೇಲೇ ಬರೆಸಿಕೊಳ್ಳಿ.

ಇಷ್ಟು ದುಡ್ಡಿನ ಮಾತು. ಎಸ್ಟಿಮೇಟ್‌ನಲ್ಲಿ ಬರೆಯದೇ ಇರುವ ಖರ್ಚು ಒಂದಿದೆ. ಅದು ಹುಣಸೆಹಣ್ಣು.

ಮಾರ್ಬಲ್ ಅಂದರೆ ಸುಣ್ಣದ ಜಾತಿಯ ಕಲ್ಲು, ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಕರಗುತ್ತದೆ. ನಿಂಬೆ, ಹುಣಸೆ, ಟೊಮೆಟೊ, ಮೊಸರು, ವಿನೆಗರ್ ಎಲ್ಲವೂ ಅದಕ್ಕೆ ಶತ್ರು. ಗಡಸುತನದ ಅಳತೆ ಮೋಸ್ ಸ್ಕೇಲ್‌ನಲ್ಲಿ ಮಾರ್ಬಲ್ 3. ಗ್ರಾನೈಟ್ 6ರಿಂದ 7. ನಿಮ್ಮ ಸ್ಟೀಲ್ ಚಾಕು ಇವೆರಡರ ನಡುವೆ ಬರುತ್ತದೆ. ಚಾಕು ಮಾರ್ಬಲ್ ಗೀರುತ್ತದೆ, ಗ್ರಾನೈಟ್ ಮೇಲೆ ಚಾಕುವೇ ಮೊಂಡಾಗುತ್ತದೆ.

ನಾನು ಕಲ್ಲು ಕೂರಿಸಿದ ಒಂದು ಮನೆಗೆ ಸ್ವಲ್ಪ ಕಾಲದ ಮೇಲೆ ಬೇರೆ ಕೆಲಸಕ್ಕೆ ಹೋಗಿದ್ದೆ. ಎದುರಿನಿಂದ ನೋಡಿದರೆ ಕಟ್ಟೆ ಚೆನ್ನಾಗೇ ಇತ್ತು. ಬಗ್ಗಿ, ಕಿಟಕಿ ಬೆಳಕಿಗೆ ಓರೆಯಾಗಿ ನೋಡಿದೆ. ಒಲೆಯ ಬಲಗಡೆ ಒಂದರ ಮೇಲೊಂದು ಬಳೆ ಇಟ್ಟ ಹಾಗೆ ಮಂಕಾದ ಗುರುತು. ಹುಣಸೆ ನೆನೆಸಿದ ಬಟ್ಟಲಿನ ತಳದ ಗುರುತು. ಬೆರಳಿಟ್ಟರೆ ಅಲ್ಲಿ ಒರಟು, ಪಕ್ಕದಲ್ಲಿ ನುಣುಪು. ಆ ಮನೆಯಮ್ಮ ಕರೆ ಅಂತ ತಿಳಿದು ಅಡುಗೆ ಸೋಡಾ ಹಾಕಿ ತಿಕ್ಕಿ ತಿಕ್ಕಿ ಸೋತಿದ್ದರು. ಅದು ಕರೆ ಅಲ್ಲ. ಅಲ್ಲಿ ಪಾಲಿಶ್ಶೇ ಕರಗಿ ಹೋಗಿದೆ. ಎಷ್ಟು ತಿಕ್ಕಿದರೂ ಬರುವುದಿಲ್ಲ. ಡೈಮಂಡ್ ಪ್ಯಾಡ್ ಹಾಕಿ ಮತ್ತೆ ಉಜ್ಜಿ ಹೊಳಪು ತರಬೇಕು.

ಸೀಲರ್ ಹಾಕಿದರೆ ಏನೂ ಆಗಲ್ಲ ಅಂತ ಅಂಗಡಿಯಲ್ಲಿ ಹೇಳಿರುತ್ತಾರೆ. ಸೀಲರ್ ಅರಿಶಿನ, ಎಣ್ಣೆ ಒಳಗೆ ಇಳಿಯುವುದನ್ನು ತಡೆಯುತ್ತದೆ. ಹುಳಿ ಮೇಲ್ಮೈಯನ್ನು ತಿನ್ನುವುದನ್ನು ತಡೆಯುವುದಿಲ್ಲ. ಸೀಲರ್ ಒಂದು ಸಲ ಹಾಕಿ ಮರೆಯುವಂಥದ್ದೂ ಅಲ್ಲ, ಆಗಾಗ ಹಾಕಿಸುತ್ತಿರಬೇಕು. ಆಗಾಗ ಬರುವ ಈ ಖರ್ಚು 42,345ರಲ್ಲಿ ಸೇರಿಲ್ಲ.

ಒಂದು ಕೆಲಸ ಮಾಡಿ. ಅದೇ ಕಲ್ಲಿನ ಸ್ಯಾಂಪಲ್ ತುಂಡು ಕೇಳಿ ಮನೆಗೆ ತನ್ನಿ. ರಾತ್ರಿ ಅದರ ಮೇಲೆ ಒಂದು ಹೋಳು ನಿಂಬೆ, ಒಂದು ಚಮಚ ಹುಣಸೆ ರಸ, ಎಣ್ಣೆಯಲ್ಲಿ ಕಲಸಿದ ಅರಿಶಿನ ಇಡಿ. ಬೆಳಿಗ್ಗೆ ಒರೆಸಿ, ಓರೆ ಬೆಳಕಿನಲ್ಲಿ ನೋಡಿ. ಕಂಡದ್ದು ಒಪ್ಪಿಗೆಯಾದರೆ ಧೈರ್ಯವಾಗಿ ಮಾರ್ಬಲ್ ಹಾಕಿಸಿ. ನನ್ನ ಮಾತನ್ನೂ ಅಂಗಡಿಯವರ ಮಾತನ್ನೂ ನಂಬಬೇಕಾಗಿಲ್ಲ.

ಇನ್ನು 'ಇಟಾಲಿಯನ್' ಅನ್ನುವುದರ ಬಗ್ಗೆ. ನಮ್ಮ ಮಾರುಕಟ್ಟೆಯಲ್ಲಿ ಹೊರಗಿನಿಂದ ಬಂದ ಯಾವ ಮಾರ್ಬಲ್ ಆದರೂ ಇಟಾಲಿಯನ್ನೇ. ಟರ್ಕಿಯ ಕಲ್ಲಿಗೂ ಅದೇ ಹೆಸರು. ಯಾವ ದೇಶದ್ದು, ಕಲ್ಲಿನ ಹೆಸರೇನು ಅಂತ ಕೇಳಿ. ಇಟಲಿಯ ಕರಾರಾ ಗಣಿಯ ಸ್ಟಾಟುವಾರಿಯೊ 420ಕ್ಕೆ ಸಿಗುವ ಮಾತೇ ಇಲ್ಲ. ಸ್ಲ್ಯಾಬ್ ಹಿಂದೆ ಬಲೆ ಅಂಟಿಸಿದ್ದಾರಾ ನೋಡಿ. ಬಲೆ ಇದ್ದ ಮಾತ್ರಕ್ಕೆ ಕಲ್ಲು ಕೆಟ್ಟದ್ದಲ್ಲ, ಮೆತ್ತಗಿನ ಕಲ್ಲಿಗೆ ಹಾಕಿಯೇ ಹಾಕುತ್ತಾರೆ. ಆದರೆ ಮುಂಭಾಗದಲ್ಲಿ ರೆಸಿನ್ ಅನ್ನುವ ಅಂಟು ತುಂಬಿದ ಬಿರುಕು ಎಷ್ಟಿವೆ ಅಂತ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಸಿಂಕ್ ಬರುವ ಜಾಗದಲ್ಲಿ ಅಂಥ ಬಿರುಕು ಇದ್ದರೆ ಆ ಸ್ಲ್ಯಾಬ್ ಬೇಡ.

ಹೋಳಿಗೆ_ಅಕ್ಕ:

ಕಲ್ಲುಕೆಲಸದವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಮಾರ್ಬಲ್ ಕಟ್ಟೆ ಮೇಲೆ ದಿನಾ ಅಡುಗೆ ಮಾಡುವವಳು, ಅದಕ್ಕೇ ಇನ್ನೊಂದು ಮಾತು ಸೇರಿಸುತ್ತೇನೆ.

ನಮ್ಮದು ಮಕ್ರಾನಾ ಬಿಳಿ. ರಾಜಸ್ಥಾನದ ಕಲ್ಲು, ತಾಜ್ ಮಹಲ್‌ಗೂ ಕೋಲ್ಕತ್ತಾದ ವಿಕ್ಟೋರಿಯಾ ಮೆಮೋರಿಯಲ್‌ಗೂ ಹಾಕಿದ್ದು ಅದೇ. ಮಾವನವರು ರಾಜಸ್ಥಾನದಲ್ಲಿ ಕೆಲಸದಲ್ಲಿದ್ದಾಗ ದೇವರಮನೆಗೆ ಅಂತ ತರಿಸಿದ್ದರು. ಉಳಿದದ್ದು ಅಡುಗೆಮನೆಗೆ ಬಂತು. ಗುರುತು ಬಿದ್ದಿವೆ, ಇಲ್ಲ ಅನ್ನುವುದಿಲ್ಲ. ಆದರೆ ಹೋಳಿಗೆ ಲಟ್ಟಿಸುವುದಕ್ಕೆ ಅದರಂಥ ಜಾಗ ಇನ್ನೊಂದಿಲ್ಲ. ಬೇಸಿಗೆಯಲ್ಲೂ ಕಲ್ಲು ತಣ್ಣಗಿರುತ್ತದೆ. ಕಣಕ ಬೆವರುವುದಿಲ್ಲ, ಹೂರಣ ಹೊರಗೆ ಬರುವುದಿಲ್ಲ. ಚಪಾತಿ ಹಿಟ್ಟೂ ಅಷ್ಟೇ. ಯುಗಾದಿ ದಿನ ಮಣೆ ಬೇಡ, ನೇರ ಕಟ್ಟೆ ಮೇಲೇ ಲಟ್ಟಿಸುತ್ತೇವೆ.

ಆದ್ದರಿಂದ ಮಾರ್ಬಲ್ ಬೇಡವೇ ಬೇಡ ಅಂತ ನಾನು ಹೇಳಲಾರೆ. ಒಲೆ ಪಕ್ಕ, ಸಿಂಕ್ ಪಕ್ಕ ಬೇಡ ಅನ್ನುತ್ತೇನೆ. ಹುಳಿ ಚೆಲ್ಲುವುದೂ ಬಿಸಿ ಪಾತ್ರೆ ಎಳೆಯುವುದೂ ಅಲ್ಲೇ ತಾನೆ? ಇನ್ನೊಂದು, ಬಾತ್‌ರೂಮ್ ತೊಳೆಯುವ ಆಸಿಡ್ ಹತ್ತಿರಕ್ಕೂ ತರಬೇಡಿ. ಮನೆ ಕೆಲಸಕ್ಕೆ ಬರುವವರಿಗೂ ಮೊದಲ ದಿನವೇ ಹೇಳಿಬಿಡಿ. ಒರೆಸಲು ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ನಿಂಬೆ ಇರುವ ಸೋಪು ಬೇಡ.

ಮೈಸೂರು_ಮನೆ:

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಯಾಂಪಲ್ ತಂದು ನೋಡಿದೆ. ನಿಂಬೆ ಇಟ್ಟ ಕಡೆ ಹೋಳಿನ ಆಕಾರವೇ ಅಚ್ಚು ಬಿದ್ದಿದೆ. ಅರಿಶಿನ ಸೀಲರ್ ಹಾಕಿದ ಭಾಗದಲ್ಲಿ ಒರೆಸಿದರೆ ಹೋಯ್ತು, ಹಾಕದ ಭಾಗದಲ್ಲಿ ಹಳದಿ ಉಳಿದಿದೆ. ಹುಣಸೆ ಗುರುತನ್ನು ನಮ್ಮ ಮನೆಯವರೇ ಕಿಟಕಿ ಹತ್ತಿರ ಹಿಡಿದು ತೋರಿಸಿದರು.

ದಿನಾ ಸಾರು ಮಾಡುವ ಮನೆ ನಮ್ಮದು. 9 ಅಡಿ ಕಡೆ ಮಾರ್ಬಲ್ ಆಗುವುದಿಲ್ಲ ಅಂತ ಒಪ್ಪಿಕೊಂಡೆ. ಆದರೆ ಹೋಳಿಗೆ_ಅಕ್ಕ ಬರೆದದ್ದು ಓದಿ 6 ಅಡಿ ಕಡೆ ಮಾತ್ರ ಮಾರ್ಬಲ್ ಹಾಕಿಸಬಹುದಲ್ವಾ ಅನ್ನಿಸಿತು. ಅಲ್ಲಿ ಒಲೆ ಇಲ್ಲ, ಸಿಂಕ್ ಇಲ್ಲ. ಮಿಕ್ಸಿ, ಹಿಟ್ಟು ಕಲಸುವುದು, ಲಟ್ಟಿಸುವುದು ಅಷ್ಟೇ. ಕಿಟಕಿಯೂ ಆ ಕಡೆಗೇ ಇದೆ. ಆದರೆ 12 ಅಡಿಗೋಸ್ಕರ 52 ಅಡಿಯ ಸ್ಲ್ಯಾಬ್ ತೆಗೆದುಕೊಳ್ಳಬೇಕಾ? ಹಾಗಾದರೆ ಮತ್ತೆ ಅದೇ ಕಥೆ ಆಯ್ತಲ್ಲ. ಇನ್ನು 9 ಅಡಿಗೆ ಕ್ವಾರ್ಟ್ಜ್ ಅಥವಾ ನ್ಯಾನೋ ವೈಟ್ ಹಾಕಿ ಅಂತ ಇಂಟೀರಿಯರ್‌ನವರು ಹೇಳುತ್ತಿದ್ದಾರೆ. ಅದು ಹೇಗೆ?

ಕಲ್ಲುಕೆಲಸದವನು:

ಇದು ಒಳ್ಳೆ ಯೋಚನೆ ಮೇಡಂ. ಇಡೀ ಸ್ಲ್ಯಾಬ್ ಬೇಡ. ದೊಡ್ಡ ಯಾರ್ಡ್‌ಗಳಲ್ಲಿ ಹಿಂದುಗಡೆ ತುಂಡುಗಳ ಸಾಲೇ ಇರುತ್ತದೆ. ಯಾರದೋ ಮನೆ ನೆಲಕ್ಕೆ ತಂದು ಉಳಿದದ್ದು, ಮೂಲೆ ಒಡೆದು ಪಕ್ಕಕ್ಕೆ ಇಟ್ಟದ್ದು. ಆರೂವರೆ ಅಡಿ ಉದ್ದ, ಎರಡೂಕಾಲು ಅಡಿ ಅಗಲದ ಒಂದೇ ತುಂಡು ಸಿಕ್ಕಿದರೆ ನಿಮ್ಮ ಕೆಲಸ ಆಯ್ತು. ಜಾಗ ಖಾಲಿಯಾದರೆ ಸಾಕು ಅಂತ ಅವರೂ ಕಡಿಮೆಗೆ ಕೊಡುತ್ತಾರೆ. ಮಕ್ರಾನಾ ತುಂಡು ಸಿಕ್ಕಿದರೆ ಅದನ್ನೇ ಹಿಡಿಯಿರಿ. ಅದರ ಕಣ ಒತ್ತೊತ್ತಾಗಿ ಇರುತ್ತದೆ, ನೀರು ಕುಡಿಯುವುದು ಕಡಿಮೆ. ಹುಳಿ ಮಾತ್ರ ಅದಕ್ಕೂ ಆಗದು.

ಕ್ವಾರ್ಟ್ಜ್ ಬಗ್ಗೆ. ಬೆಳ್ಳಗೆ ಸಿಗುತ್ತದೆ, ಹುಣಸೆಗೆ ಹೆದರುವುದಿಲ್ಲ. ಕಲ್ಲಿನ ಪುಡಿಯನ್ನು ರೆಸಿನ್ ಹಾಕಿ ಒತ್ತಿ ಮಾಡಿರುತ್ತಾರೆ. ರೆಸಿನ್ ಇರುವುದರಿಂದ ಬಿಸಿ ತಡೆಯುವುದಿಲ್ಲ. ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರ ಇಟ್ಟರೆ ಹಳದಿ ಗುರುತು ಬೀಳಬಹುದು, ಬಿರುಕೂ ಬಿಡಬಹುದು. ಆ ಗುರುತು ಪಾಲಿಶ್‌ನಿಂದ ಹೋಗುವುದಿಲ್ಲ. ನ್ಯಾನೋ ವೈಟ್ ಗಾಜಿನ ಜಾತಿ. ಹಾಲಿನಂತೆ ಬಿಳುಪು, ಕರೆ ಹಿಡಿಯುವುದಿಲ್ಲ. ಆದರೆ ಕುಕ್ಕರ್ ಅಂಚಿಗೆ ಬಡಿದು ಚಕ್ಕೆ ಎದ್ದರೆ ಗೊತ್ತಾಗದ ಹಾಗೆ ರಿಪೇರಿ ಮಾಡುವುದು ಬಹಳ ಕಷ್ಟ. ಎರಡರ ರೇಟೂ ಸಾಧಾರಣ ಗ್ರಾನೈಟ್‌ಗಿಂತ ತುಂಬಾ ಜಾಸ್ತಿ.

ಕ್ವಾರ್ಟ್ಜ್ ಬಗ್ಗೆ ಇನ್ನೊಂದು ಹೇಳಲೇಬೇಕು. ಅದನ್ನು ನೀರು ಬಿಡದೆ ಕತ್ತರಿಸಿದರೆ ಏಳುವ ಧೂಳಿನಲ್ಲಿ ಸಿಲಿಕಾ ಬಹಳ ಇರುತ್ತದೆ. ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ, ಸಿಲಿಕೋಸಿಸ್. ಅದು ವಾಸಿಯಾಗುವುದಿಲ್ಲ. ಇದೇ ಕಾರಣಕ್ಕೆ ಆಸ್ಟ್ರೇಲಿಯಾದಲ್ಲಿ 2024ರ ಜುಲೈ 1ರಿಂದ ಆ ಥರದ ಕೃತಕ ಕಲ್ಲನ್ನೇ ನಿಷೇಧ ಮಾಡಿದ್ದಾರೆ. ಗ್ರಾನೈಟ್ ಧೂಳಿನಲ್ಲೂ ಸಿಲಿಕಾ ಇದೆ. ನಮ್ಮ ಹುಡುಗರು ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡು ಸೈಟ್‌ನಲ್ಲಿ ಕತ್ತರಿಸುತ್ತಾರೆ. ಅದು ಸಾಲದು. ನೀವು ಯಾವ ಕಲ್ಲೇ ಹಾಕಿಸಿ, ನೀರು ಬಿಟ್ಟುಕೊಂಡು ಕತ್ತರಿಸಿ, ಮಾಸ್ಕ್ ಹಾಕಿಕೊಳ್ಳಿ ಅಂತ ಹೇಳಿ. ಮನೆ ಯಜಮಾನರು ಹೇಳಿದರೆ ಕೇಳುತ್ತಾರೆ.

9 ಅಡಿಗೆ ನನ್ನ ಸಲಹೆ ತಿಳಿ ಬಣ್ಣದ ಗ್ರಾನೈಟ್. ಕಾಶ್ಮೀರ್ ವೈಟ್ ಅಂತ ಒಂದಿದೆ. ಹೆಸರು ಕಾಶ್ಮೀರ, ಕಲ್ಲು ಬರುವುದು ತಮಿಳುನಾಡಿನಿಂದ. ವಿಸ್ಕಾಂಟ್ ವೈಟ್ ಅಂತ ಇನ್ನೊಂದು, ಬೂದು ಅಲೆ ಅಲೆಯಾಗಿರುತ್ತದೆ. ಪೂರ್ತಿ ಬಿಳಿ ಗ್ರಾನೈಟ್ ಸಿಗುವುದಿಲ್ಲ, ಅಲ್ಲಲ್ಲಿ ಚುಕ್ಕೆ, ಗೆರೆ ಇದ್ದೇ ಇರುತ್ತದೆ. ತಿಳಿ ಬಣ್ಣದ ಗ್ರಾನೈಟ್ ಎಣ್ಣೆ, ನೀರು ಸ್ವಲ್ಪ ಎಳೆಯುತ್ತದೆ. ಇದಕ್ಕೆ ಸೀಲರ್ ನಿಜವಾಗಿಯೂ ಕೆಲಸ ಮಾಡುತ್ತದೆ.

ಗ್ರಾನೈಟ್‌ನಲ್ಲಿ ದುಡ್ಡು ಉಳಿಯುವುದು ರೇಟ್‌ಗಿಂತ ಜಾಸ್ತಿ ಸೈಜ್‌ನಲ್ಲಿ. ಕಟ್ಟರ್ ಸೈಜ್ ಅಂತ ಕೇಳಿ. ಎರಡು, ಎರಡೂಕಾಲು, ಎರಡೂವರೆ ಅಡಿ ಅಗಲದ ಪಟ್ಟಿಯಾಗಿಯೇ ಬರುತ್ತವೆ. ಅಡುಗೆ ಕಟ್ಟೆಗೆ ಹೇಳಿ ಮಾಡಿಸಿದ ಅಳತೆ. ಒಂಬತ್ತೂವರೆ ಅಡಿ ಉದ್ದ, ಎರಡೂಕಾಲು ಅಗಲ ಅಂದರೆ 21 ಚಿಲ್ಲರೆ ಚದರ ಅಡಿ. ವೇಸ್ಟ್ ಹೆಚ್ಚಿಲ್ಲ.

ನಾನು ಈಗ ಇಂಥ ಕೆಲಸ ಹಿಡಿದರೆ ಹೇಗೆ ಬರೆಯುತ್ತೇನೆ ಹೇಳುತ್ತೇನೆ. ಗ್ರಾನೈಟ್ 210 ರೇಟ್ ಇಟ್ಟುಕೊಂಡರೆ 4,500. ಮಾರ್ಬಲ್ ತುಂಡು 300ರಂತೆ 4,400. ಎರಡಕ್ಕೂ ಟ್ಯಾಕ್ಸ್ ಸೇರಿ 10,500 ಆಗುತ್ತದೆ. ಟೆಂಪೋ ಮತ್ತು ಇಳಿಸುವುದು 2,000. ಸಿಂಗಲ್ ಅಂಚು 13 ಅಡಿಗೆ 150ರಂತೆ 1,950. ಎರಡು ತೂತಿಗೆ 1,800. ಕೂರಿಸುವ ಕೂಲಿ 3,300. ಸೀಲರ್ 1,200. ಒಟ್ಟು 20,750. ಅಂಗಡಿಯಿಂದ ಅಂಗಡಿಗೆ ರೇಟ್ ಆಚೀಚೆ ಆಗುತ್ತದೆ, ಆದರೆ ಲೆಕ್ಕ ಹಾಕುವ ಕ್ರಮ ಇದೇ.

ಇಳಕಲ್_ಗುಲಾಬಿ:

ನಮ್ಮ ಕೆಂಪು ಕಲ್ಲು ತೆಗೆದುಕೊಳ್ಳದಿದ್ದರೂ ಗ್ರಾನೈಟ್ ಅಂತೂ ಬಂತಲ್ಲ, ಸಂತೋಷ. ಒಂದು ಸಂದೇಹ. ಎರಡು ಬೇರೆ ಕಲ್ಲು ಮೂಲೆಯಲ್ಲಿ ಸೇರಿದರೆ ಸಂದಿನಲ್ಲಿ ಕೊಳೆ ಕೂರುವುದಿಲ್ಲವೇ?

ಮೈಸೂರು_ಮನೆ:

ನನಗೂ ಅದೇ ಪ್ರಶ್ನೆ. ಮತ್ತೆ ನಮ್ಮ ಮೇಸ್ತ್ರಿ ಮಾಮೂಲಿ ಸಿಮೆಂಟ್ ಹಾಕಿ ಕೂರಿಸಿಬಿಡುತ್ತೇನೆ ಅನ್ನುತ್ತಿದ್ದಾರೆ. ಸರಿನಾ?

ಕಲ್ಲುಕೆಲಸದವನು:

ಮಾಮೂಲಿ ಸಿಮೆಂಟ್ ಗ್ರಾನೈಟ್ ಕಡೆ ನಡೆಯುತ್ತದೆ. ಅಲ್ಲೂ ಕಲ್ಲು ತುಂಬಾ ತಿಳಿಯಾಗಿದ್ದರೆ ಬೇಡ. ಮಾರ್ಬಲ್ ಕಡೆ ಖಂಡಿತ ಬೇಡ. ಬಿಳಿ ಮಾರ್ಬಲ್ ಸ್ವಲ್ಪ ಬೆಳಕು ಬಿಡುವ ಕಲ್ಲು. ಕೆಳಗಿನ ಬೂದು ಬಣ್ಣ ಮೇಲಕ್ಕೆ ಮಬ್ಬಾಗಿ ಕಾಣುತ್ತದೆ, ಒದ್ದೆ ಹೀರಿದ ಕಡೆ ಕಲೆಯೂ ಏಳುತ್ತದೆ. ಬಿಳಿ ಸಿಮೆಂಟ್ ಅಥವಾ ಕಲ್ಲಿಗೆ ಅಂತಲೇ ಬರುವ ಬಿಳಿ ಅಡ್ಹೆಸಿವ್ ತರಿಸಿ. ಅಲ್ಲಲ್ಲಿ ಉಂಡೆ ಇಟ್ಟು ಕೂರಿಸಬಾರದು. ಕೆಳಗೆ ಪೂರ್ತಿ ತುಂಬಬೇಕು. ಕೂರಿಸಿದ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ನಾಳೆ ಕಾಯಿ ಒಡೆದರೆ ಕಲ್ಲೂ ಒಡೆಯುತ್ತದೆ.

ಎರಡೂ ಕಲ್ಲಿನ ದಪ್ಪವನ್ನು ಅಂಗಡಿಯಲ್ಲೇ ಅಳೆಯಿರಿ. ಒಂದು 16 ಮಿಲಿಮೀಟರ್, ಇನ್ನೊಂದು 18 ಇದ್ದರೆ ಕೆಳಗಿನ ಹಾಸಿನಲ್ಲಿ ಸರಿದೂಗಿಸಿ ಮೇಲ್ಮಟ್ಟ ಒಂದೇ ಮಾಡಬೇಕು. ಇದನ್ನು ಮೇಸ್ತ್ರಿಗೆ ಮೊದಲೇ ಹೇಳಿ. ಮೇಲ್ಮಟ್ಟ ಒಂದೇ ಇದ್ದು ಸಂದು ಬಿಗಿಯಾಗಿದ್ದರೆ ಕೊಳೆ ಕೂರುವುದಿಲ್ಲ. 9 ಅಡಿಯ ಗ್ರಾನೈಟ್ ಮೂಲೆಯವರೆಗೆ ಪೂರ್ತಿ ಹೋಗಲಿ, ಮಾರ್ಬಲ್ ಅದರ ಪಕ್ಕಕ್ಕೆ ನೇರವಾಗಿ ಬಂದು ಸೇರಲಿ. ಓರೆ ಜಾಯಿಂಟ್ ಬೇಡ, ಅದರಲ್ಲಿ ಕಲ್ಲೂ ಜಾಸ್ತಿ ಹೋಗುತ್ತದೆ, ಚೂಪು ಮೂಲೆಯೂ ಮುರಿಯುತ್ತದೆ. ಸಂದಿಗೆ ಕಲ್ಲಿನ ಬಣ್ಣಕ್ಕೆ ಹೊಂದುವ ಎಪಾಕ್ಸಿ ಅಂಟು ತುಂಬಿಸಿ.

ಸಿಂಕ್ ಮುಂದೆ ಉಳಿಯುವ ಸಣ್ಣ ಪಟ್ಟಿ ಇದೆಯಲ್ಲ, ಎರಡು ಮೂರು ಇಂಚು, ಕಟ್ಟೆ ಒಡೆಯುವುದಿದ್ದರೆ ಮೊದಲು ಅಲ್ಲೇ. ನಿಮ್ಮ ಕಾಂಕ್ರೀಟ್ ಅಲ್ಲಿ ತೂತು ಬಿಟ್ಟಿರುತ್ತದೆ. ಆ ಪಟ್ಟಿಯ ಕೆಳಗೆ ತುಕ್ಕು ಹಿಡಿಯದ ಸ್ಟೀಲ್ ಆಂಗಲ್ ಕೊಡಿಸಿ. ಸಿಂಕ್ ಮತ್ತು ಒಲೆಯನ್ನು ಮೊದಲೇ ಕೊಂಡು ಸೈಟ್‌ಗೆ ತಂದಿಡಿ. ಕ್ಯಾಟಲಾಗ್ ಅಳತೆ ನೋಡಿ ತೂತು ಮಾಡಿಸಬೇಡಿ. ತೂತಿನ ಮೂಲೆಗಳು ನೇರ 90 ಡಿಗ್ರಿ ಬೇಡ, ಸ್ವಲ್ಪ ದುಂಡಗಿರಲಿ, ಸೀಳು ಹುಟ್ಟುವುದು ಆ ಮೂಲೆಯಿಂದಲೇ. ಬಡಗಿ ಕೆಲಸ, ಪೇಂಟಿಂಗ್ ಮುಗಿಯುವವರೆಗೂ ಮಾರ್ಬಲ್ ಮೇಲೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ರಟ್ಟು ಅಥವಾ ಪ್ಲೈವುಡ್ ಇಡಿಸಿ. ಪೇಂಟರ್‌ಗಳು ಟರ್ಪೆಂಟೈನ್ ಡಬ್ಬಿ, ಕೆಂಪು ಆಕ್ಸೈಡ್ ಎಲ್ಲ ತಂದಿಡುವುದು ಕಟ್ಟೆ ಮೇಲೆಯೇ.